ಉಪ್ಪು ಹಾಕಿದವರು ಯಾರು?

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಊರು ತೀರ್ಥಹಳ್ಳಿ ಕಡೆ. ಬೆಂಗಳೂರಿನಲ್ಲಿ ಒಬ್ಬನೇ ಇದ್ದೇನೆ, ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಅನ್ನ, ಒಂದು ಸಾರು, ಮೊಸರು, ಅಷ್ಟೇ. ಇತ್ತೀಚೆಗೆ ಸಾರು ಇಳಿಸುವ ಹೊತ್ತಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುವುದಿಲ್ಲ. ರುಚಿ ನೋಡಿದರೆ ಸರಿಯಾಗಿಯೇ ಇರುತ್ತದೆ. ಹಾಗಾದರೆ ಹಾಕಿದ್ದು ಯಾರು? ನಾನು ಹೋಗುವ ಧ್ಯಾನದ ತರಗತಿಯಲ್ಲಿ ‘ನೀವು ಮಾಡುವವರಲ್ಲ, ನೋಡುವ ಸಾಕ್ಷಿ, ಪ್ರತಿ ಕೆಲಸದಲ್ಲೂ ಸಾಕ್ಷಿಯಾಗಿರಿ’ ಅನ್ನುತ್ತಾರೆ. ಒಲೆಯ ಮುಂದೆ ಪ್ರಯತ್ನಿಸಿದೆ. ಎರಡು ಸಲ ಒಗ್ಗರಣೆ ಸೀದುಹೋಯಿತು. ಇನ್ನೊಂದು ಮಾತು ಕೇಳಲು ಸಂಕೋಚ. ಅಮ್ಮ ತೀರಿಕೊಂಡು 2 ವರ್ಷವಾಯಿತು. ಅವರ ಹೆಪ್ಪನ್ನು ತಂದು ಇಷ್ಟು ದಿನ ಉಳಿಸಿಕೊಂಡು ಬಂದಿದ್ದೆ. ಕಳೆದ ತಿಂಗಳು ಕೆಲಸದ ಮೇಲೆ 10 ದಿನ ಹೊರಗೆ ಹೋಗುವಾಗ ಪಾತ್ರೆಯನ್ನು ಫ್ರಿಜ್ಜಿನೊಳಗೆ ಇಡಲು ಮರೆತೆ. ಬಂದು ನೋಡಿದರೆ ಬೂಷ್ಟು. ಅಂಗಡಿಯ ಮೊಸರು ತಂದು ಹೆಪ್ಪು ಹಾಕಿದೆ. ಅಮ್ಮ ಇನ್ನೊಂದು ಸಲ ಹೋದ ಹಾಗಾಯಿತು. ಇದು ಹುಚ್ಚೇ?

ಉತ್ತರ: ಮೊದಲು ಒಗ್ಗರಣೆಯ ವಿಷಯ. ಗಂಟು ಬಿದ್ದಿರುವುದು ಉಪ್ಪಿನ ಡಬ್ಬಿಯಲ್ಲಿ ಅಂತ ನೀವು ತಿಳಿದಿದ್ದೀರಿ. ನನ್ನ ಕಣ್ಣಿಗೆ ಅದು ಒಗ್ಗರಣೆ ಸೌಟಿನಲ್ಲಿದೆ.

ಸಾಸಿವೆ ಕಾಳಿನೊಳಗೆ ಒಂದಿಷ್ಟು ನೀರಿನ ಪಸೆ ಇರುತ್ತದೆ. ಎಣ್ಣೆ ಕಾದಾಗ ಅದು ಆವಿಯಾಗಿ, ಸಿಪ್ಪೆ ಒಡೆದು, ಕಾಳು ಸಿಡಿಯುತ್ತದೆ. ಚಟಪಟ ಇಳಿಯುತ್ತಾ ಬಂತು ಅನ್ನುವಾಗ ಒಣಮೆಣಸಿನಕಾಯಿ, ಕರಿಬೇವು, ಕೊನೆಗೆ ಇಂಗು. ಇಂಗಿನ ಘಮ ಏಳುವುದಕ್ಕೂ ಅದು ಕರಕಲಾಗುವುದಕ್ಕೂ ನಡುವೆ ಒಂದೆರಡು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ‘ನಾನು ಸಾಸಿವೆ ನೋಡುತ್ತಿದ್ದೇನೆ, ನೋಡುತ್ತಿರುವ ನನ್ನನ್ನು ನಾನು ನೋಡುತ್ತಿದ್ದೇನೆ’ ಅಂತ ಹೊರಟರೆ ಸಾಸಿವೆಯನ್ನು ನೋಡಲು ಯಾರೂ ಉಳಿಯುವುದಿಲ್ಲ. ನಿಮ್ಮ ಸಾಧನೆ ಸಾಲದೆ ಒಗ್ಗರಣೆ ಸೀಯಿತು ಅಂತ ಬೇಸರ ಮಾಡಿಕೊಳ್ಳಬೇಡಿ. ನಿಮಗೆ ಹೇಳಿಕೊಟ್ಟ ‘ಸಾಕ್ಷಿ’ ಅದ್ವೈತದವರ ಸಾಕ್ಷಿಯೇ ಅಲ್ಲ.

ನಾನು 31 ವರ್ಷ ಕಾಲೇಜಿನಲ್ಲಿ ದರ್ಶನಶಾಸ್ತ್ರ ಪಾಠ ಮಾಡಿದವಳು. ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಸಲ ಕೆಡುತ್ತಿದ್ದ ಪದ ಇದೇ. ಸಾಕ್ಷಿ ಅಂದರೆ ಗಮನ ಅಂತ ಬರೆದುಬಿಡುತ್ತಿದ್ದರು. ಗಮನ ಕೊಡುವುದು ಮನಸ್ಸಿನ ಕೆಲಸ. ಕೆಲಸವಾದ್ದರಿಂದ ಅದನ್ನು ಮಾಡಬಹುದು, ಬಿಡಬಹುದು, ಅದರಲ್ಲಿ ದಣಿಯಬಹುದು. ಸಾಕ್ಷಿಯನ್ನು ಹಾಗೆ ‘ಮಾಡಲು’ ಬರುವುದಿಲ್ಲ. ನಿಮ್ಮ ಊರಿಗೆ ದೂರವೇನೂ ಅಲ್ಲದ ಶೃಂಗೇರಿಯ ಪೀಠದಲ್ಲಿದ್ದ ವಿದ್ಯಾರಣ್ಯರು, 14ನೆಯ ಶತಮಾನದವರು, ಇದಕ್ಕೆ ನಾಟಕಶಾಲೆಯ ದೀಪದ ಹೋಲಿಕೆ ಕೊಟ್ಟರು. ಅಹಂಕಾರ ಅಲ್ಲಿ ಕುಳಿತ ಯಜಮಾನ, ವಿಷಯಗಳು ಸಭಿಕರು, ಬುದ್ಧಿ ನರ್ತಕಿ, ಇಂದ್ರಿಯಗಳು ತಾಳ ಹಿಡಿದವರು. ದೀಪ ಇವರೆಲ್ಲರನ್ನೂ ಒಂದೇ ಸಮನೆ ಬೆಳಗುತ್ತದೆ. ಎಲ್ಲರೂ ಎದ್ದುಹೋದ ಮೇಲೆ ಖಾಲಿ ಶಾಲೆಯನ್ನೂ ಬೆಳಗುತ್ತದೆ. ಯಾರ ಕಡೆಗಾದರೂ ತಿರುಗಿ ದಿಟ್ಟಿಸುವ ಹೊಣೆ ಅದಕ್ಕಿಲ್ಲ. ನೀವು ಒಲೆಯ ಮುಂದೆ ಮಾಡಲು ಹೋದದ್ದು ನರ್ತಕಿಯ ಕೈಗೇ ದೀಪ ಕೊಟ್ಟು ಕುಣಿಯಲು ಹೇಳಿದಂತೆ. ಕೈ ಸುಟ್ಟುಕೊಂಡಳು, ಪಾಪ.

ಅಂದಮೇಲೆ, ಅದ್ವೈತದ ಲೆಕ್ಕದಲ್ಲಿ, ನೀವು ಮೈಮರೆತು ಉಪ್ಪು ಹಾಕಿದ ಹೊತ್ತಿನಲ್ಲಿ ಸಾಕ್ಷಿಗೆ ಏನೂ ಕೊರತೆಯಾಗಿರಲಿಲ್ಲ. ಇಲ್ಲದೆ ಹೋದದ್ದು ಗಮನ. ಒಗ್ಗರಣೆಗೆ ಬೇಕಾದದ್ದೂ ಅದೇ. ಒಲೆಯ ಮುಂದೆ ಸಾಸಿವೆಯನ್ನು ನೋಡಿ, ನಿಮ್ಮನ್ನು ನೋಡಿಕೊಳ್ಳಬೇಡಿ. (ಘಟ್ಟ ಇಳಿದು ಉಡುಪಿಗೆ ಹೋದರೆ ಸಾಕ್ಷಿಯ ಅರ್ಥವೇ ಬೇರೆ. ಮಧ್ವರ ಮತದಲ್ಲಿ ಅದು ಜೀವದ ಸ್ವಂತ ಇಂದ್ರಿಯ. ಸುಖ, ದುಃಖ, ಕಾಲ ಇವನ್ನು ನೇರವಾಗಿ ಅರಿಯುವುದು, ತನಗಾದ ತಿಳಿವು ಸರಿಯೋ ತಪ್ಪೋ ಅಂತ ಕೊನೆಗೆ ನಿಶ್ಚಯಿಸುವುದು. ‘ಸಾಕ್ಷಿಯಾಗಿರಿ’ ಅನ್ನುವವರನ್ನು ‘ಯಾರ ಸಾಕ್ಷಿ ಸ್ವಾಮಿ?’ ಅಂತ ಒಮ್ಮೆ ಕೇಳಿ.)

ಇನ್ನು ಉಪ್ಪು. ನೀವು ಹೇಳುವ ಅನುಭವ ಬಹಳ ಹಳೆಯದು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಒಂದು ಮಾತು ಬರುತ್ತದೆ: ನನ್ನ ಮನಸ್ಸು ಬೇರೆಲ್ಲೋ ಇತ್ತು, ನೋಡಲಿಲ್ಲ, ಮನಸ್ಸು ಬೇರೆಲ್ಲೋ ಇತ್ತು, ಕೇಳಲಿಲ್ಲ. ಕಣ್ಣು ತೆರೆದೇ ಇತ್ತು, ಕಿವಿಯೂ ಸರಿಯಾಗಿತ್ತು, ಆದರೂ ಇಲ್ಲ. ಅದರಿಂದಲೇ ಮನಸ್ಸು ಅಂತ ಬೇರೊಂದು ಇರಬೇಕು ಅಂತ ಅವರು ಹೊರಟದ್ದು. ನ್ಯಾಯದರ್ಶನದ ಗೌತಮರು ಇದನ್ನು ಇನ್ನೂ ಬಿಗಿ ಮಾಡಿದರು: ಒಂದೇ ಸಲಕ್ಕೆ ಎರಡು ತಿಳಿವು ಹುಟ್ಟದಿರುವುದೇ ಮನಸ್ಸಿನ ಗುರುತು. ಅವರ ಪ್ರಕಾರ ಮನಸ್ಸು ಅಣುವಿನಷ್ಟು ಚಿಕ್ಕದು, ಒಂದು ಇಂದ್ರಿಯದ ಬಾಗಿಲಲ್ಲಿದ್ದರೆ ಇನ್ನೊಂದರಲ್ಲಿ ಇಲ್ಲ. ನೀವು ಬರೆದಿಲ್ಲ, ಆದರೆ ಸಾರು ಕುದಿಯುವಾಗ ಕಟ್ಟೆಯ ಮೇಲೆ ಫೋನ್ ಇರುತ್ತದೆ ಅಂತ ನನ್ನ ಊಹೆ.

ಸ್ವಾರಸ್ಯ ಇರುವುದು ಇದರ ಮುಂದೆ. ರುಚಿ ನೋಡಿ ನೀವು ‘ನಾನೇ ಹಾಕಿರಬೇಕು’ ಅನ್ನುತ್ತೀರಿ. ಇದು ನೆನಪೋ, ಊಹೆಯೋ? ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಮ್ಮ ಪಂಡಿತರು ಇದೇ ಜಗಳ ಆಡಿದರು, ಉಪ್ಪಿನ ಬಗ್ಗೆ ಅಲ್ಲ, ನಿದ್ದೆಯ ಬಗ್ಗೆ. ಗಾಢ ನಿದ್ದೆಯಿಂದ ಎದ್ದವನು ‘ಸುಖವಾಗಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ’ ಅನ್ನುತ್ತಾನೆ. ಅದ್ವೈತಿಗೆ ಅದು ನೆನಪು. ಅನುಭವಿಸದೆ ಇದ್ದುದನ್ನು ನೆನೆಯಲು ಬರುವುದಿಲ್ಲ, ಆದ್ದರಿಂದ ‘ಏನೂ ಗೊತ್ತಿಲ್ಲ’ ಎಂಬುದನ್ನೂ ಬೆಳಗುತ್ತಿದ್ದ ಒಂದು ಅರಿವು ಅಲ್ಲಿತ್ತು. ನೈಯಾಯಿಕ, ಅಂದರೆ ನ್ಯಾಯದರ್ಶನದವನು, ನಗುತ್ತಾನೆ: ನೆನಪೂ ಇಲ್ಲ, ಏನೂ ಇಲ್ಲ. ಎದ್ದಮೇಲೆ ಮೈ ಹಗುರಾಗಿದೆ, ಬೆಳಕು ಹರಿದಿದೆ, ನಡುವಿನದ್ದೇನೂ ನೆನಪಾಗುತ್ತಿಲ್ಲ. ಇಷ್ಟರಿಂದ ‘ನನಗೇನೂ ತಿಳಿದಿರಲಿಲ್ಲ’ ಅಂತ ಊಹಿಸಿಕೊಂಡೆ, ಅಷ್ಟೇ.

ನಿಮ್ಮ ಸಾರಿನ ಮಟ್ಟಿಗೆ ನಾನು ನೈಯಾಯಿಕರ ಪಕ್ಷ. ಮನೆಯಲ್ಲಿ ಬೇರೆ ಯಾರೂ ಇಲ್ಲ, ಬಾಗಿಲು ಹಾಕಿದೆ, ಉಪ್ಪು ದಿನದ ಅಳತೆಗೇ ಇದೆ: ಹಾಕಿದ್ದು ನೀವೇ. ಹೊಗೆ ಕಂಡು ಬೆಂಕಿ ಊಹಿಸಿದಂತೆ ನಿಮ್ಮ ಬಗ್ಗೆ ನೀವೇ ಊಹಿಸಿದಿರಿ. ತನ್ನ ಬಗ್ಗೆ ಊಹೆ ಮಾಡಿಕೊಳ್ಳಬೇಕಾಗಿ ಬಂದದ್ದೇ ನಿಮ್ಮನ್ನು ಕಂಗೆಡಿಸಿರುವುದು. ಆದರೆ ಇದು ಅಪರೂಪವೇನಲ್ಲ. ‘ನಾನು’ ಅಂತ ನಾವು ಆಡುವ ಮಾತುಗಳಲ್ಲಿ ಬಹುಪಾಲು ಹೀಗೆ ಕೆಲಸ ಮುಗಿದ ಮೇಲೆ ಬಂದು ಸೇರುವಂಥವು.

ಕನ್ನಡಕ್ಕೆ ಇದು ಗೊತ್ತಿದೆ. ಸಾರನ್ನು ಚಪ್ಪರಿಸಿ ನೀವು ‘ಉಪ್ಪು ಹಾಕಿದೆ’ ಅನ್ನುತ್ತೀರಲ್ಲ, ಆ ಪದವನ್ನು ಬಿಡಿಸಿ ನೋಡಿ. ‘ಹಾಕಿದೆನು’ ಅಂತಲೂ ಆಗುತ್ತದೆ, ‘ಹಾಕಿ ಇದೆ’ ಅಂತಲೂ ಆಗುತ್ತದೆ. ಮೊದಲನೆಯದರಲ್ಲಿ ಮಾಡಿದವನಿದ್ದಾನೆ, ಎರಡನೆಯದರಲ್ಲಿ ಬರೀ ಉಪ್ಪಿದೆ. ಕಿವಿಗೆ ಎರಡೂ ಒಂದೇ. ಊಟ ಆಯ್ತಾ ಅಂದರೆ ಆಯ್ತು ಅನ್ನುತ್ತೇವೆ. ಉಂಡವರು ಯಾರು ಅನ್ನುವುದು ಆ ಮಾತಿನಲ್ಲಿ ಇಲ್ಲ. ಇನ್ನೂ ನೋಡಿ: ‘ನಾನು’ ಹೆಚ್ಚುತ್ತೇನೆ, ರುಬ್ಬುತ್ತೇನೆ, ಬಡಿಸುತ್ತೇನೆ. ಆದರೆ ಹಸಿವಾಗುವುದು ‘ನನಗೆ’. ನೆನಪಾಗುವುದು, ನಿದ್ದೆ ಬರುವುದು, ಬೇಜಾರಾಗುವುದು, ಅರ್ಥವಾಗುವುದು ಎಲ್ಲ ‘ನನಗೆ’. ಅರಿವಿಗೆ ಸೇರಿದ್ದರಲ್ಲಿ ಬಹಳಷ್ಟು ನಮ್ಮ ಭಾಷೆಯಲ್ಲಿ ನಾವು ಮಾಡುವಂಥದ್ದಲ್ಲ, ಮನೆಗೆ ನೆಂಟರು ಬಂದ ಹಾಗೆ ನಮ್ಮಲ್ಲಿಗೆ ಬರುವಂಥದ್ದು. ‘ನನಗೆ ಮರೆತುಹೋಯಿತು’ ಅನ್ನುವಾಗ ತಪ್ಪು ಕೂಡ ನಮ್ಮದಲ್ಲ! ಇದರಿಂದ ಆತ್ಮ ಇಲ್ಲ ಅಂತಾಗಲಿ ಇದೆ ಅಂತಾಗಲಿ ಸಿದ್ಧವಾಗುವುದಿಲ್ಲ. ವ್ಯಾಕರಣದಿಂದ ಮೋಕ್ಷ ಹುಡುಕುವವರನ್ನು ಕಂಡರೆ ನನಗೆ ಭಯ. ಆದರೆ ಮಾಡುವ ‘ನಾನು’ ಮತ್ತು ಅನುಭವವಾಗುವ ‘ನನಗೆ’ ಎರಡೂ ಒಂದೇ ಅಂತ ನೀವು ಹಿಡಿದುಕೊಂಡಿರುವುದರಿಂದಲೇ ಈ ಪ್ರಶ್ನೆ ನಿಮ್ಮನ್ನು ಕಾಡುತ್ತಿದೆ.

ಕೈ ತಾನಾಗಿ ಕಲಿಯುತ್ತದೆ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಪ್ರಸಿದ್ಧ ಉದಾಹರಣೆ ಇದೆ. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ 1953ರಲ್ಲಿ ಮೂರ್ಛೆರೋಗಕ್ಕಾಗಿ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿದರು. ಆಮೇಲೆ ಆತನಿಗೆ ಹೊಸ ನೆನಪು ನಿಲ್ಲಲೇ ಇಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಆತನಿಗೆ ಕನ್ನಡಿಯಲ್ಲಿ ಮಾತ್ರ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯಲು ಕಲಿಸಿದರು. ದಿನದಿಂದ ದಿನಕ್ಕೆ ಕೈ ಪಳಗಿತು. ಆತನಿಗೆ ಮಾತ್ರ ಪ್ರತಿದಿನವೂ ಅದು ಮೊದಲನೇ ದಿನವೇ. ನೆನಪಿಡುವ ಒಳಮನೆ ಬೇರೆ, ಕೈ ಕಲಿಯುವ ಒಳಮನೆ ಬೇರೆ ಅಂತ ಗೊತ್ತಾದದ್ದು ಹಾಗೆ. ನಮ್ಮಲ್ಲಿ ಕೈಯಳತೆ, ಕೈರುಚಿ ಅಂತ ಮಾತಿದ್ದೇ ಇದೆ. ‘ಅವರ ತಲೆರುಚಿ’ ಅಂತ ಯಾರೂ ಹೊಗಳಿದ್ದನ್ನು ನಾನು ಕೇಳಿಲ್ಲ.

ಇನ್ನೂ ವಿಚಿತ್ರವಾದದ್ದು 1998ರ ಒಂದು ಅಧ್ಯಯನ. ಹೀಗೆಯೇ ನೆನಪು ನಿಲ್ಲದ ಇಬ್ಬರಿಗೆ ಮಧ್ಯಾಹ್ನದ ಊಟ ಬಡಿಸಿದರು. ತಟ್ಟೆ ತೆಗೆದು 10ರಿಂದ 30 ನಿಮಿಷದೊಳಗೆ ಮತ್ತೆ ಪೂರ್ತಿ ಊಟ ತಂದಿಟ್ಟರು. ಅವರು ಉಂಡರು. ಮೂರನೆಯ ಸಲ ಇಟ್ಟರೂ ಸಾಮಾನ್ಯವಾಗಿ ಶುರು ಮಾಡಿಬಿಡುತ್ತಿದ್ದರು. ಹೊಟ್ಟೆ ತುಂಬಿದೆಯೇ ಅನ್ನುವುದನ್ನು ಹೊಟ್ಟೆಯೊಂದೇ ಹೇಳುವುದಿಲ್ಲ, ‘ಈಗ ತಾನೇ ಉಂಡೆ’ ಎಂಬ ನೆನಪೂ ಹೇಳುತ್ತದೆ ಅಂತಾಯಿತು. ನಮ್ಮ ಊರುಗಳಲ್ಲಿ ಎದುರು ಸಿಕ್ಕವರೆಲ್ಲ ಊಟ ಆಯ್ತಾ ಅಂತ ಕೇಳುವುದರಲ್ಲಿ ಏನೋ ಒಂದು ಉಪಕಾರ ಇದ್ದಿರಬೇಕು.

ಹೀಗಂತ ನಿಮಗೆ ಕಾಯಿಲೆ ಅಂತ ಹೆದರಬೇಡಿ. 38ಕ್ಕೆ, ದಿನಾ ಒಂದೇ ಸಾರು ಮಾಡುವವರಿಗೆ, ಉಪ್ಪು ನೆನಪಾಗದಿರುವುದು ಸಹಜ. ಮನೆಗೆ ಹೋಗುವ ದಾರಿ, ಹತ್ತಿರದವರ ಹೆಸರು ಇಂಥವೂ ಮರೆಯುತ್ತಿದ್ದರೆ ಮಾತ್ರ ವೈದ್ಯರನ್ನು ಕಾಣಿ. ಉಪ್ಪಿಗೆ ನಾನೊಂದು ಉಪಾಯ ಹೇಳುತ್ತೇನೆ. ಕಾಲು ಲೋಟ ತೊಗರಿಬೇಳೆಯನ್ನು ಅರಿಶಿನ, ಒಂದು ಹನಿ ಎಣ್ಣೆ ಹಾಕಿ ಕುಕ್ಕರಿನಲ್ಲಿ ಬೇಯಿಸಿಕೊಳ್ಳಿ. ಹುಣಸೆರಸವನ್ನು ಬೇಳೆ ಬೆಂದ ಮೇಲೆಯೇ ಸೇರಿಸಿ. ಹುಳಿ ಮೊದಲೇ ಬಿದ್ದರೆ ಬೇಳೆ ಬೇಗ ಕರಗುವುದಿಲ್ಲ, ಬೇಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಟೊಮೆಟೊ, ಸಾರಿನಪುಡಿ, ಚೂರು ಬೆಲ್ಲ. ಎಲ್ಲ ಸೇರಿ ಮುಕ್ಕಾಲು ಲೀಟರಿನಷ್ಟಾದರೆ ಒಂದು ಚಹಾ ಚಮಚ ಉಪ್ಪು ಸರಿಹೋಗುತ್ತದೆ. ಆ ಉಪ್ಪನ್ನು ಒಲೆ ಹಚ್ಚುವ ಮೊದಲೇ ಅಳೆದು ಒಂದು ಪುಟ್ಟ ಬಟ್ಟಲಿನಲ್ಲಿ ಪಕ್ಕಕ್ಕಿಡಿ. ಬಟ್ಟಲು ಖಾಲಿಯಾಗಿದ್ದರೆ ಹಾಕಿದೆ. ನಿಮ್ಮ ಬದಲು ಬಟ್ಟಲೇ ಸಾಕ್ಷಿ ಹೇಳಲಿ, ಅದಕ್ಕೆ ಶೃಂಗೇರಿಯೂ ಬೇಡ ಉಡುಪಿಯೂ ಬೇಡ.

ಉಪ್ಪಿನ ಮಾತು ಬಂದಮೇಲೆ ಒಂದು ತಕರಾರನ್ನು ಹೇಳದೆ ಮುಂದೆ ಹೋಗಲಾರೆ. ಉಪನಿಷತ್ತುಗಳ ಎರಡು ದೊಡ್ಡ ಪಾಠಗಳು ಉಪ್ಪಿನ ಮೇಲೆ ನಿಂತಿವೆ. ಛಾಂದೋಗ್ಯದಲ್ಲಿ ಉದ್ದಾಲಕ ಮಗ ಶ್ವೇತಕೇತುವಿಗೆ ನೀರಿನಲ್ಲಿ ಉಪ್ಪು ಹಾಕಿಡಲು ಹೇಳಿ, ಬೆಳಿಗ್ಗೆ ‘ಆ ಉಪ್ಪನ್ನು ತಾ’ ಅನ್ನುತ್ತಾನೆ. ಹುಡುಗ ನೀರಿನಲ್ಲಿ ತಡಕಾಡುತ್ತಾನೆ, ಸಿಗುವುದಿಲ್ಲ. ಮೇಲಿಂದ ಕುಡಿ, ನಡುವಿನಿಂದ ಕುಡಿ, ತಳದಿಂದ ಕುಡಿ. ಎಲ್ಲೆಡೆ ಉಪ್ಪು. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಮೈತ್ರೇಯಿಗೆ ನೀರಿನಲ್ಲಿ ಕರಗಿದ ಉಪ್ಪಿನ ಹರಳಿನ ಮಾತು ಹೇಳುತ್ತಾನೆ. ಆತನಿಗೆ ಇಬ್ಬರು ಹೆಂಡಿರು. ಮೈತ್ರೇಯಿ ಬ್ರಹ್ಮದ ಚರ್ಚೆ ಮಾಡುವವಳು. ಕಾತ್ಯಾಯನಿಗೆ ಇದ್ದದ್ದು ‘ಸ್ತ್ರೀಪ್ರಜ್ಞೆ’ಯಷ್ಟೇ ಅಂತ ಉಪನಿಷತ್ತು ಒಂದೇ ಪದದಲ್ಲಿ ಮುಗಿಸಿಬಿಡುತ್ತದೆ. ಆ ಮನೆಯಲ್ಲಿ ಉಪ್ಪಿನ ಹರಳು ಎಲ್ಲಿದೆ ಅಂತ ಗೊತ್ತಿದ್ದವಳು ಯಾರು? ನೀರಿಗೆ ಹಾಕಿದರೆ ಕರಗುತ್ತದೆ, ಕಾಣುವುದಿಲ್ಲ, ನಾಲಿಗೆಗೆ ಸಿಗುತ್ತದೆ ಎಂಬುದನ್ನು ಪ್ರತಿದಿನ ಎರಡು ಹೊತ್ತು ಪರೀಕ್ಷಿಸಿದವಳು ಯಾರು? ಪಾಠ ಹೇಳುವಾಗ ಈ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಕೇಳುತ್ತಿದ್ದೆ. ಹುಡುಗರು ನಗುತ್ತಿದ್ದರು, ಹುಡುಗಿಯರು ನಗುತ್ತಿರಲಿಲ್ಲ.

ಅಡುಗೆಯವನನ್ನು ಗೌರವದಿಂದ ಕಂಡ ಪರಂಪರೆ ಇಲ್ಲದಿಲ್ಲ. ಜಪಾನಿನ ಝೆನ್ ಗುರು ಡೋಗೆನ್ 1223ರಲ್ಲಿ ಚೀನಾಕ್ಕೆ ಹೋದಾಗ ಒಂದು ಮಠದ ಮುದಿ ಅಡುಗೆಯವರು ಬಿರುಬಿಸಿಲಿನಲ್ಲಿ ಬೆನ್ನು ಬಾಗಿಸಿಕೊಂಡು ಅಣಬೆ ಒಣಗಿಸುತ್ತಿದ್ದರು. ಇದನ್ನು ಸಹಾಯಕರಿಗೆ ಯಾಕೆ ಹೇಳಬಾರದು ಅಂದರೆ, ಬೇರೆಯವರು ನಾನಲ್ಲವಲ್ಲ ಅಂದರಂತೆ. ಬಿಸಿಲು ಇಳಿದ ಮೇಲೆ ಮಾಡಬಾರದೇ ಅಂದರೆ, ಇನ್ಯಾವ ಹೊತ್ತಿಗೆ ಕಾಯಲಿ ಅಂದರಂತೆ. ನಾನೆಂಬುದು ಇಲ್ಲ ಅನ್ನುವ ಬೌದ್ಧರ ಮಠದಲ್ಲಿ ‘ಬೇರೆಯವರು ನಾನಲ್ಲ’ ಎಂಬ ಉತ್ತರ! ಡೋಗೆನ್ ಅದನ್ನು ಮರೆಯಲಿಲ್ಲ. 1237ರಲ್ಲಿ ಮಠದ ಅಡುಗೆಯವರಿಗೆಂದೇ ಬರೆದ ಬರಹದಲ್ಲಿ ಆ ಮುದುಕರನ್ನು ನೆನೆದರು. ಅನ್ನ, ನೀರು ಮುಟ್ಟುವಾಗ ಮಗುವನ್ನು ಮುಟ್ಟುವ ಹೆತ್ತವರ ಮನಸ್ಸಿರಬೇಕು ಅಂತಲೂ ಅಲ್ಲೇ ಹೇಳಿದರು.

ಈಗ ನಿಮ್ಮ ಸಂಕೋಚದ ಪ್ರಶ್ನೆಗೆ ಬರೋಣ. ಹುಚ್ಚಲ್ಲ. ಆದರೆ ಸತ್ತದ್ದು ಏನು ಅಂತ ಸರಿಯಾಗಿ ನೋಡಬೇಕು.

ಅರ್ಧ ಲೀಟರ್ ಹಾಲಿಗೆ ಒಂದು ಚಹಾ ಚಮಚ ಹೆಪ್ಪು ಹಾಕುತ್ತೀರಿ ಅಂದುಕೊಳ್ಳೋಣ. ಅಂದರೆ ಸುಮಾರು ನೂರಕ್ಕೆ ಒಂದು ಭಾಗ. ಮರುದಿನದ ಮೊಸರಿನಿಂದ ಮತ್ತೆ ಒಂದು ಚಮಚ, ಹತ್ತು ಸಾವಿರಕ್ಕೆ ಒಂದು. ಹೀಗೆ 5ನೆಯ ದಿನದ ಮೊಸರಿನಲ್ಲಿ ಅಮ್ಮನ ಪಾತ್ರೆಯಿಂದ ಬಂದದ್ದು ಸಾವಿರ ಕೋಟಿಗೆ ಒಂದು ಭಾಗ. ನೀವು ಎರಡು ವರ್ಷ, ಹೆಚ್ಚುಕಡಿಮೆ 700 ಸಲ ಹೆಪ್ಪು ಹಾಕಿದ್ದೀರಿ. ಅಮ್ಮನ ಕೈ ಮುಟ್ಟಿದ ಮೊಸರು ಮೊದಲ ವಾರದಲ್ಲೇ ಮುಗಿದಿತ್ತು. ಅದರೊಳಗಿದ್ದ ಜೀವಾಣುಗಳ ಸಂತಾನ ಮುಂದುವರಿದಿತ್ತು ಅನ್ನಿ. ಅದೂ ಹಾಗೇ ಇರುವುದಿಲ್ಲ. ಊರಿನ ಕರೆದ ಹಾಲು ಬೇರೆ, ಇಲ್ಲಿನ ಪ್ಯಾಕೆಟ್ ಹಾಲು ಬೇರೆ. ಅಲ್ಲಿನ ಸೆಕೆ ಚಳಿ ಬೇರೆ, ಇಲ್ಲಿನದು ಬೇರೆ. ಯಾವ ಜಾತಿಯ ಜೀವಾಣುವಿಗೆ ಅನುಕೂಲವೋ ಅದು ಹೆಚ್ಚುತ್ತದೆ, ಉಳಿದದ್ದು ಹಿಂದೆ ಬೀಳುತ್ತದೆ. ಕಳೆದ ತಿಂಗಳು ನೀವು ಚೆಲ್ಲಿದ ಮೊಸರಿಗೂ ಅಮ್ಮನ ಮೊಸರಿಗೂ ಇದ್ದದ್ದು ಹಳೇ ಮೊಮ್ಮಕ್ಕಳ ನಂಟು.

ಇದೇ ಮೊಸರಿನ ಹೋಲಿಕೆಯನ್ನು ಬೌದ್ಧರು ‘ನಾನು’ ಎಂಬುದಕ್ಕೆ ಕೊಟ್ಟಿದ್ದಾರೆ. ಮಿಲಿಂದ ಎಂಬ ಗ್ರೀಕ್ ಮೂಲದ ದೊರೆ ಭಿಕ್ಷು ನಾಗಸೇನನನ್ನು ಕೇಳುತ್ತಾನೆ: ಮರುಹುಟ್ಟು ಪಡೆದವನು ಹಳಬನೇ ಹೌದೋ ಬೇರೆಯವನೋ? ಅವನೂ ಅಲ್ಲ, ಬೇರೆಯವನೂ ಅಲ್ಲ ಅನ್ನುತ್ತಾನೆ ನಾಗಸೇನ. ಹಾಲು ಮೊಸರಾಗುತ್ತದೆ, ಮೊಸರು ಬೆಣ್ಣೆಯಾಗುತ್ತದೆ, ಬೆಣ್ಣೆ ತುಪ್ಪವಾಗುತ್ತದೆ. ಹಾಲೇ ಮೊಸರು, ಹಾಲೇ ತುಪ್ಪ ಅಂದರೆ ಸುಳ್ಳು. ಆದರೆ ಆ ಹಾಲಿಲ್ಲದೆ ಈ ತುಪ್ಪ ಬರಲಿಲ್ಲ. ಶಂಕರರೂ ಬ್ರಹ್ಮಸೂತ್ರದ ಭಾಷ್ಯದಲ್ಲಿ ಹಾಲು ತಾನೇ ಮೊಸರಾಗುತ್ತದೆ ಅನ್ನುತ್ತಾರೆ. ಬಿಸಿ ಮುಂತಾದ್ದು ಬೇಕಲ್ಲ ಅಂತ ಎದುರಾಳಿ ಆಕ್ಷೇಪಿಸಿದರೆ, ಅದು ಬೇಗ ಆಗಲು ನೆರವಷ್ಟೇ, ಶಕ್ತಿ ಹಾಲಿನದೇ ಅಂತ ಉತ್ತರ. ನಾನು ಆ ಪುಟಕ್ಕೆ ಬಂದಾಗಲೆಲ್ಲ ‘ಹೆಪ್ಪು ಸ್ವಾಮಿ, ಹೆಪ್ಪು’ ಅಂತ ಮನಸ್ಸಿನಲ್ಲೇ ಅಂದುಕೊಂಡಿದ್ದೇನೆ. ಬಿಡಿ, ಅದು ಬೇರೆ ವ್ಯಾಜ್ಯ.

ಈ ವಿಷಯದಲ್ಲಿ ನಾನು ನಾಗಸೇನನ ಪಕ್ಷ, ಸ್ವಲ್ಪ ತಿದ್ದುಪಡಿಯೊಂದಿಗೆ. ಹಾಲು, ಮೊಸರು, ತುಪ್ಪ ತಮ್ಮಷ್ಟಕ್ಕೆ ಸಾಲಾಗಿ ನಿಲ್ಲುವುದಿಲ್ಲ. ಯಾರೋ ಪ್ರತಿ ರಾತ್ರಿ ಹಾಲು ಕಾಯಿಸಿ, ಆರಿಸಿ, ಬೆರಳು ಅದ್ದಿ ನೋಡಿ, ಹೆಪ್ಪು ಹಾಕಿ, ಮುಚ್ಚಿಡಬೇಕು. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ, ಜನವರಿ 18ರ ಪರ್ಯಾಯದಲ್ಲಿ, ಇಳಿಯುವ ಯತಿಗಳು ಏರುವ ಯತಿಗಳಿಗೆ ಅಕ್ಷಯಪಾತ್ರೆಯ ಜೊತೆಗೆ ಒಂದು ಸಟ್ಟುಗವನ್ನೂ ಕೊಡುತ್ತಾರೆ. ಪೂಜೆಯ ಅಧಿಕಾರ ಕೈ ಬದಲಾಗುವಾಗ ಕೈಗೆ ಬರುವುದು ಅನ್ನ ಬಡಿಸುವ ಸಟ್ಟುಗ. ಅದು ಕೊಟ್ಟವರ ಗುಣವನ್ನೇನೂ ಹೊತ್ತು ಬರುವುದಿಲ್ಲ. ಮುಂದೆ ಬಡಿಸಬೇಕು ಅನ್ನುವುದನ್ನು ಮಾತ್ರ ಹೇಳುತ್ತದೆ.

ನೀವು 700 ರಾತ್ರಿ ಮಾಡಿದ್ದು ಅದನ್ನೇ, ಅದು ಬೂಷ್ಟು ಬಂದು ಹೋಗಿಲ್ಲ. ಅಂಗಡಿಯ ಮೊಸರಿನಿಂದ ಹೆಪ್ಪು ಹಾಕುವಾಗ ಹಾಲಿನ ಬಿಸಿಯನ್ನು ಹೇಗೆ ನೋಡಿದಿರಿ? ಥರ್ಮಾಮೀಟರ್ ಇಟ್ಟು ನೋಡಿರಲಿಕ್ಕಿಲ್ಲ. ಕಿರುಬೆರಳು ಅದ್ದಿ, ಸುಡದಷ್ಟು ಬೆಚ್ಚಗೆ ಇದೆ ಅನ್ನಿಸಿದಾಗ ಹಾಕಿದಿರಿ. ಅಳೆದು ನೋಡಿದರೆ ಅದು 40–45 ಡಿಗ್ರಿ ಆಸುಪಾಸು ಬರುತ್ತದೆ. ಆ ಬೆರಳಿಗೆ ಅಷ್ಟು ಖಚಿತವಾಗಿ ಹೇಳಿಕೊಟ್ಟವರು ಯಾರು? ಉಪ್ಪನ್ನು ನೀವು ಚಮಚದಲ್ಲಿ ತೆಗೆಯುತ್ತೀರೋ, ಮೂರು ಬೆರಳಿನಲ್ಲೋ, ಅಂಗೈ ಗುಳಿಯಲ್ಲೋ? ಒಂದು ದಿನ ಸುಮ್ಮನೆ ನಿಮ್ಮ ಕೈಯನ್ನೇ ನೋಡಿ. ಒಗ್ಗರಣೆಯ ಹೊತ್ತಿನಲ್ಲಿ ಬೇಡ, ಉಪ್ಪಿನ ಹೊತ್ತಿನಲ್ಲಿ. ‘ಹಾಕಿದ್ದು ಯಾರು’ ಅಂತ ಶುರುವಿನಲ್ಲಿ ಕೇಳಿದಿರಲ್ಲ, ನಾನು ಕೊಟ್ಟ ನೈಯಾಯಿಕರ ಉತ್ತರದಲ್ಲಿ ಒಂದು ಸಡಿಲು ಇತ್ತು. ಮನೆಯಲ್ಲಿ ಬೇರೆ ಯಾರೂ ಇಲ್ಲ ಅಂದಿದ್ದೆ.

ಕೆಲವು ಕೆಲಸದ ಮಾತು. ಹಾಲನ್ನು ಚೆನ್ನಾಗಿ ಉಕ್ಕಿಸಿ, ಸಣ್ಣ ಉರಿಯಲ್ಲಿ ಇನ್ನೊಂದೈದು ನಿಮಿಷ ಬಿಡಿ. ಹಾಲಿನ ತಿಳಿಭಾಗದ ಪ್ರೋಟೀನು ಆ ಬಿಸಿಗೆ ಬಿಚ್ಚಿಕೊಂಡರೆ ಮೊಸರು ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಪಾತ್ರೆಯನ್ನು ಅಕ್ಕಿ ಡಬ್ಬಿಯೊಳಗೆ ಹುದುಗಿಸಿಡಿ. ಊರಿಗೆ ಹೊರಡುವ ಮುನ್ನ ನಾಲ್ಕು ಚಮಚ ಮೊಸರನ್ನು ಐಸ್ ಟ್ರೇಯಲ್ಲಿ ಹಾಕಿ ಫ್ರೀಜರಿನಲ್ಲಿಡಿ, ಕೆಲವು ವಾರ ಏನೂ ಆಗುವುದಿಲ್ಲ. ಮೊಸರು ಮಿಕ್ಕಿದರೆ ಒಂದೆಲಗದ ತಂಬುಳಿ ಮಾಡಿಕೊಳ್ಳಿ, ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ: ಎಲೆ, ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯ ಜೊತೆ ರುಬ್ಬಿ, ಮೊಸರಿಗೆ ಕಲಸುವುದು. ಒಂದೆಲಗ ನೆನಪಿಗೆ ಒಳ್ಳೆಯದು ಅನ್ನುತ್ತಾರೆ. ಅದರ ಬಗ್ಗೆ ನಾನು ಆಣೆ ಮಾಡಲಾರೆ, ರುಚಿಯ ಬಗ್ಗೆ ಮಾಡಬಲ್ಲೆ.

ಕೊನೆಯದಾಗಿ ಒಂದು ವಿಚಾರಣೆ. ನಿಮ್ಮ ತಾಯಿಯಂಥವರು ಮನೆಯ ಹೆಪ್ಪನ್ನು ತಮ್ಮ ಮನೆಯಲ್ಲಷ್ಟೇ ಇಟ್ಟುಕೊಂಡಿರುವುದಿಲ್ಲ. ಪಕ್ಕದ ಮನೆಯ ಬೆಕ್ಕು ಪಾತ್ರೆ ಉರುಳಿಸಿದ ದಿನ, ಯಾರದೋ ಮನೆಗೆ ಹೊಸ ಸೊಸೆ ಬಂದ ದಿನ, ನೆಂಟರು ಊರಿಂದ ಬಂದು ಬೀಗ ತೆಗೆದ ದಿನ, ಒಂದು ಬಟ್ಟಲು ಹೆಪ್ಪು ದಾಟಿಯೇ ಇರುತ್ತದೆ. ಅತ್ತೆ, ಚಿಕ್ಕಮ್ಮ, ಎದುರು ಮನೆಯವರು, ಯಾರಿಗಾದರೂ ಫೋನ್ ಮಾಡಿ ‘ಅಮ್ಮ ನಿಮಗೆ ಯಾವತ್ತಾದರೂ ಹೆಪ್ಪು ಕೊಟ್ಟಿದ್ದರೇ’ ಅಂತ ಕೇಳಿ. ಅದು ಅಲ್ಲಿ ಯಾವುದೋ ಮನೆಯ ನಾಗಂದಿಗೆಯ ಮೇಲೆ ಈಗಲೂ ಹೆಪ್ಪುಗಟ್ಟುತ್ತಿರಬಹುದು. ಸಿಕ್ಕರೆ ತರಲು ನೀವೇ ಹೋಗಿ, ಕೊರಿಯರ್ ಬೇಡ. ಹೋಗುವುದಾದರೆ ಹಗಲು ಹೊತ್ತಿನಲ್ಲಿ ಹೋಗಿ. ದೀಪ ಹಚ್ಚಿದ ಮೇಲೆ ಕೇಳಿದರೆ ನಮ್ಮ ಕಡೆ ಯಾರೂ ಮೊಸರು ಕೊಡುವುದಿಲ್ಲ.